ಕೊನೆಯ ಸ್ಕ್ರೂ ಬಿಗಿದವರು

ನಮ್ಮೂರಿನಲ್ಲಿ ಕರೆಂಟು ಮುಟ್ಟಿದವರಿಗೆ ಹೊಡೆಯುವುದಿಲ್ಲ. ಆ ಲೈನಿನ ಕೊನೆಯ ಸ್ಕ್ರೂ ಯಾರು ಬಿಗಿದರೋ ಅವರಿಗೆ ಹೊಡೆಯುತ್ತದೆ. ಮನೆಯವರು ಒದ್ದೆ ಕೈಯಲ್ಲಿ ಸ್ವಿಚ್ಚು ಒತ್ತಿ, ಹಾಡು ಗುನುಗಿಕೊಂಡು ಒಳಗೆ ಹೋಗುತ್ತಾರೆ. ಮೂರು ಬೀದಿಯಾಚೆ ಆ ಮನೆಗೆ ವೈರಿಂಗ್ ಮಾಡಿದವನು ಊಟದ ತಟ್ಟೆಯ ಮುಂದಿನಿಂದ ಎಗರಿ ಬೀಳುತ್ತಾನೆ. ಬೇರೆಯವರು ಯಾರಾದರೂ ಆ ಸ್ಕ್ರೂ ಬಿಚ್ಚಿ ಮತ್ತೆ ಬಿಗಿದರೆ ಹಳಬನಿಗೆ ಬಿಡುಗಡೆ, ಹೊಸಬನಿಗೆ ಶುರು. ಇದೊಂದು ವಿಷಯ ಗೊತ್ತಿದ್ದರೆ ನಮ್ಮೂರಿನ ಜನ ಎಂಥವರು ಅನ್ನುವುದು ನಿಮಗೇ ಅರ್ಥವಾಗುತ್ತದೆ.

ಒಂದು ಕಾಲಕ್ಕೆ ಸ್ವಲ್ಪ ಮರ್ಯಾದೆ ಇತ್ತಂತೆ. ಹಳೇ ಸ್ವಿಚ್ಚು ಮುಟ್ಟುವ ಮೊದಲು ಹೆಂಗಸರು ಬಾಗಿಲಿಗೆ ಬಂದು "ಮುಟ್ತೀನಪ್ಪೋ" ಅಂತ ಕೂಗುತ್ತಿದ್ದರಂತೆ. ಅದನ್ನು ಕೇಳಿ ವೈರ್‌ಮನ್ ಕೈಯಲ್ಲಿರುವ ಲೋಟ ಕೆಳಗಿಟ್ಟು ಕೂರುತ್ತಿದ್ದನಂತೆ. ಈಗ ಯಾರಿಗೆ ಬೇಕು ಅದೆಲ್ಲ? ನಮ್ಮ ಕಸುಬಿನವರ ಕೈಗೆ ಯಾರೂ ಹಸುಗೂಸು ಕೊಡುವುದಿಲ್ಲ, ನಾವೂ ಇಸಕೊಳ್ಳುವುದಿಲ್ಲ. ಮಳೆ ಬಂದರೆ ಸೈಕಲ್ ಹತ್ತುವುದಿಲ್ಲ. ಸಂಬಾರು ಆರಿದ ಮೇಲೆಯೇ ಬಡಿಸಿಕೊಳ್ಳುತ್ತೇವೆ. ನಮ್ಮಪ್ಪ ಕ್ಷೌರಕ್ಕೆ ಕೂತಿದ್ದಾಗ ಯಾವುದೋ ಮನೆಯ ಪುಣ್ಯಾತ್ಮರು ಸ್ನಾನದ ನೀರು ಕಾಯಿಸಲು ಬಕೆಟ್ಟಿಗೆ ಬಿಟ್ಟಿದ್ದ ಕರೆಂಟಿನ ಕಾಯಿಲನ್ನು ಕೈಯಲ್ಲೇ ಎತ್ತಿ ನೋಡಿದರು. ಅಪ್ಪ ಕುರ್ಚಿಯಿಂದ ಏಳಲೇ ಇಲ್ಲ. ಆ ಮನೆಯವರು ಹೆಣ ನೋಡುವುದಕ್ಕೆ ಬಂದವರು, ಹೋಗುವಾಗ ಬಾಗಿಲಲ್ಲಿ ನಿಂತು, "ತಾಯಮ್ಮ, ಇನ್ಮೇಲೆ ನಮ್ಮನೆ ರಿಪೇರಿಗೆ ನೀನೇ ಬರ್ತೀಯಾ?" ಅಂತ ಕೇಳಿದರು. ಆವತ್ತಿನಿಂದ ನನ್ನ ನಾಲಿಗೆ ಹೀಗಾಗಿದೆ, ನನ್ನ ತಪ್ಪಲ್ಲ.

ಅಪ್ಪನ ಕಸುಬನ್ನು ನಾನೂ ಕಲಿತೆ, ನನ್ನ ತಮ್ಮ ಸಿದ್ದರಾಜುವೂ ಕಲಿತ. ಕೈಕೆಲಸದಲ್ಲಿ ಅವನು ನನಗಿಂತ ಒಂದು ತೂಕ ಹೆಚ್ಚು. ಆದರೆ ನಲವತ್ತಾರು ವರ್ಷವಾದರೂ ಅವನ ಬಾಯಲ್ಲಿ 'ಆಗಲ್ಲ' ಅನ್ನುವ ಒಂದು ಮಾತು ಹುಟ್ಟಿರಲಿಲ್ಲ. ಯಾರು ಏನು ಕೇಳಿದರೂ "ಆಯ್ತು ಬಿಡಿ ಸ್ವಾಮಿ, ಮಾಡೋಣ." ಜೋರು ದನಿಯವರು ಎದುರಿಗೆ ನಿಂತರೆ ಮುಗಿಯಿತು, ತನ್ನ ಕುತ್ತಿಗೆಯನ್ನೇ ಬಿಚ್ಚಿ ಕೊಟ್ಟುಬಿಡುವ ಗಿರಾಕಿ. ನಮ್ಮೂರಿನಲ್ಲಿ ವೈರಿಂಗ್ ಮಾಡುವವನಿಗೆ ಇದಕ್ಕಿಂತ ಕೆಟ್ಟ ರೋಗ ಇನ್ನೊಂದಿಲ್ಲ.

ಕಲ್ಯಾಣ ಮಂಟಪದ ಫಾಲಾಕ್ಷಯ್ಯ ಕರೆಂಟಿನ ಕಾರು ತಂದದ್ದು ಆ ವರ್ಷದ ಬೇಸಿಗೆಯ ಕೊನೆಗೆ. ಊರಿಗೆ ಮೊದಲನೆಯದು. ಕಾರು ಬಂದ ದಿನ ಬೀದಿಯ ಈ ತುದಿಯಿಂದ ಆ ತುದಿಗೆ ಒಂಬತ್ತು ಸಲ ಓಡಿಸಿದರು. ಸದ್ದೇ ಮಾಡದ ಗಾಡಿಯನ್ನು ಯಾರೂ ತಿರುಗಿ ನೋಡಲಿಲ್ಲವೆಂದು ಹತ್ತನೇ ಸಲ ಹಾರ್ನ್ ಬಾರಿಸಿಕೊಂಡೇ ಹೋದರು. ಮಾರನೇ ದಿನ ನನ್ನನ್ನು ಮನೆಗೆ ಕರೆಸಿ, ಗೇಟಿನ ಕಂಬದ ಮುಂದೆ ನಿಲ್ಲಿಸಿ, "ಇಲ್ಲಿ ಹಾಕಮ್ಮ ಚಾರ್ಜರ್ರು, ನನ್ನ ಹೆಸರಿನ ಬೋರ್ಡ್ ಪಕ್ಕದಲ್ಲೇ. ಹೋಗೋ ಬರೋರಿಗೆ ಕಾಣಬೇಕು" ಅಂದರು.

ಕಂಬವನ್ನು ಬೆರಳಿನಿಂದ ಬಡಿದೆ. ಮೇಲೆ ಹೊಳೆಯುವ ಟೈಲ್ಸು, ಒಳಗೆ ಟೊಳ್ಳು, ಮೊಣಕಾಲಿನ ಎತ್ತರಕ್ಕೆ ಗಿಡಕ್ಕೆ ನೀರು ಬಿಡುವ ನಲ್ಲಿ. ಚಾರ್ಜರ್ ಪೆಟ್ಟಿಗೆ ತೂಗುಹಾಕುವುದಕ್ಕೆ ಊರೆಲ್ಲ ಹುಡುಕಿದರೂ ಇದಕ್ಕಿಂತ ಕೆಟ್ಟ ಜಾಗ ಸಿಗುತ್ತಿರಲಿಲ್ಲ. "ಸ್ವಾಮಿ, ಇದು ಮೊಬೈಲಿನ ಚಾರ್ಜರ್ ಅಲ್ಲ. ಇಡೀ ಮನೆ ಎಳೆಯೋ ಕರೆಂಟನ್ನ ಇದೊಂದೇ ಗಂಟೆಗಟ್ಟಲೆ ಎಳೆಯುತ್ತೆ. ಪೋರ್ಟಿಕೋ ಒಳಗಿನ ಇಟ್ಟಿಗೆ ಗೋಡೆಗೆ, ಎದೆಮಟ್ಟಕ್ಕೆ, ಬೋಲ್ಟ್ ಹೊಡೆದು ಕೂರಿಸಬೇಕು. ಮೀಟರ್ ಬೋರ್ಡಿನಿಂದ ಇದಕ್ಕೇ ಅಂತ ಬೇರೆ ದಪ್ಪ ತಾಮ್ರದ ವೈರು. ಇದಕ್ಕೇ ಬೇರೆ ಟ್ರಿಪ್ ಸ್ವಿಚ್ಚು. ಕರೆಂಟು ಎಲ್ಲಾದರೂ ಸೋರಿದರೆ ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಕಡಿಯೋ ಇನ್ನೊಂದು ಸ್ವಿಚ್ಚು. ಆಮೇಲೆ ಸೋರಿದ ಕರೆಂಟು ನೆಲಕ್ಕಿಳಿಯೋಕೆ ಹೊಸದಾಗಿ ಅರ್ತಿಂಗ್ ಗುಂಡಿ. ಮೊದಲು ಕರೆಂಟ್ ಆಫೀಸಿಗೆ ಹೋಗಿ ಲೋಡ್ ಹೆಚ್ಚಿಸೋಕೆ ಅರ್ಜಿ ಕೊಡಿ" ಅಂದೆ.

ಫಾಲಾಕ್ಷಯ್ಯ ಹೊಟ್ಟೆ ಕುಣಿಸಿ ನಕ್ಕರು. "ಗ್ರಾನೈಟ್ ಹಾಕಿಸಿರೋ ಅಂಗಳ ಅಗೆಸು ಅಂತೀಯಾ? ತಾಯಮ್ಮ, ಹೊಡೆದ್ರೂ ನನಗೆ ಹೊಡೆಯಲ್ವಲ್ಲಮ್ಮ!"

ಹೀಗೆ ಬಾಯಿ ಬಿಟ್ಟು ಹೇಳಿಬಿಟ್ಟರು. ಉಳಿದವರು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. "ಹಾಗಾದ್ರೆ ನನ್ನ ಕೈಲಿ ಆಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಅಂತ ಚೀಲ ಹೆಗಲಿಗೇರಿಸಿ ಬಂದೆ. ಬೇರೆ ಯಾರನ್ನು ನೋಡಿಕೊಳ್ಳುತ್ತಾರೆ ಅನ್ನುವುದು ನನ್ನ ಮಂಡೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೂರು ದಿನ ಕಳೆದು, ಬೆಳಿಗ್ಗೆ ನಾನೂ ಸಿದ್ದನೂ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ಅವನ ಕೈಯ ಲೋಟ ತಾರಸಿಗೆ ಹಾರಿತು. ಅವನು ಬಿಲ್ಲಿನ ಹಾಗೆ ಬಾಗಿ, ಹಲ್ಲು ಕಚ್ಚಿಕೊಂಡು, ಮೆಟ್ಟಿಲಿನಿಂದ ಅಂಗಳಕ್ಕೆ ಉರುಳಿದ. ಏಳುವಷ್ಟರಲ್ಲಿ ಇನ್ನೊಂದು ಸಲ. ಆಮೇಲೆ ಮತ್ತೊಂದು. ಮೂರನೆಯದಕ್ಕೆ ಅವನ ಕಣ್ಣುಗುಡ್ಡೆ ಮೇಲೆ ಹೋದವು. ನಾನು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಯಾರ ಮನೆ ಕಣೋ? ಬೊಗಳೋ, ಯಾರ ಮನೆ?" ಅಂತ ಅರಚಿದೆ.

"ಫಾಲಾಕ್ಷಯ್ಯನೋರದು," ಅಂದ ತೊದಲುತ್ತಾ. "ನಿನ್ನೆ ಹಾಕ್ಕೊಟ್ಟೆ ಅಕ್ಕ. ಕಂಬಕ್ಕೇ. ಬೋರ್‌ವೆಲ್ ಪಂಪಿನ ಸ್ವಿಚ್ಚಿಂದ ಲೈನ್ ಎಳೆದೆ."

"ಅರ್ತಿಂಗು?"

"ಅಂಗಳ ಅಗೀಬೇಡ ಅಂದ್ರು. ಅರ್ತಿಂಗ್ ವೈರನ್ನ ಹಿಂದಕ್ಕೆ ಮಡಚಿ ಟೇಪ್ ಸುತ್ತಿದೆ. ಅಷ್ಟು ದೊಡ್ಡ ಮನುಷ್ಯರು ಮನೆ ಬಾಗಿಲಿಗೆ ಬಂದು ಕೇಳಿದ್ರು, ಹೆಂಗೆ ಇಲ್ಲ ಅನ್ನಲಿ?"

ಅವನ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸಿತು. ಆದರೆ ಆ ಕೆಲಸವನ್ನು ಕರೆಂಟೇ ಮಾಡಿ ಮುಗಿಸಿತ್ತು. ಅವನನ್ನು ಒಳಗೆ ಮಲಗಿಸಿ ಓಡಿದೆ. ಫಾಲಾಕ್ಷಯ್ಯನ ಗೇಟಿನ ಮುಂದೆ ಪೂಜೆ ನಡೆಯುತ್ತಿತ್ತು! ಚಾರ್ಜರ್ ಪೆಟ್ಟಿಗೆಗೆ ಅರಿಶಿನ, ಕುಂಕುಮ, ಮೂರೆಳೆ ವಿಭೂತಿ, ಚೆಂಡುಹೂವಿನ ಹಾರ. ಕಾರಿಗೆ ಚಾರ್ಜರ್ ಚುಚ್ಚಿದ್ದ ಹಾಗೆಯೇ ಪೂಜೆಗೆ ಬಂದ ಅಯ್ಯನವರು ಮಾವಿನೆಲೆಯಲ್ಲಿ ಕಳಸದ ನೀರು ಅದ್ದಿ ಅದ್ದಿ ಪೆಟ್ಟಿಗೆಗೆ ಎರಚುತ್ತಿದ್ದರು. ತೆಂಗಿನಕಾಯಿ ಒಡೆದು ಎಳನೀರನ್ನೂ ಅದರ ತಲೆಗೇ ಹುಯ್ದಿದ್ದರು. ನಮ್ಮವರ ಭಕ್ತಿಗೆ ಯಾವ ಯಂತ್ರವೂ ಒದ್ದೆಯಾಗದೆ ಉಳಿದಿಲ್ಲ.

"ನಿಲ್ಸಿ ಸ್ವಾಮಿ! ನನ್ನ ತಮ್ಮ ಸಾಯ್ತಿದ್ದಾನೆ" ಅಂದೆ. ಅಯ್ಯನವರು ಕೈ ಹಿಂದೆ ತೆಗೆದರು. ಫಾಲಾಕ್ಷಯ್ಯ ಮಾತ್ರ ಮುಖ ಸಿಂಡರಿಸಿದರು. "ಶುಭ ಕಾರ್ಯದಲ್ಲಿ ಅದೆಂಥ ಮಾತಮ್ಮ? ನೋಡು, ದೀಪ ಉರೀತಿದೆ, ಚಾರ್ಜ್ ಆಗ್ತಿದೆ, ಕೆಲಸ ಚೆನ್ನಾಗೇ ಮಾಡಿದ್ದಾನೆ. ನಾಲ್ಕು ದಿನ ಹೋದ್ರೆ ಅಭ್ಯಾಸ ಆಗುತ್ತೆ ಅವನಿಗೆ."

"ಬಿಚ್ಚಿ ಸರಿಯಾಗಿ ಹಾಕಿಕೊಡ್ತೀನಿ. ಅಲ್ಲೀವರೆಗೆ ಸ್ವಿಚ್ ಆಫ್ ಮಾಡಿ."

"ಆಫ್ ಮಾಡಿ ಕಾರಿಗೆ ಹುಲ್ಲು ಹಾಕ್ಲಾ?" ಅಂದರು. ಸುತ್ತ ಇದ್ದವರು ನಕ್ಕರು. ಪ್ರಸಾದದ ದೊನ್ನೆ ಹಿಡಿದು ನಿಂತಿದ್ದ ಆ ಸಭ್ಯರಲ್ಲಿ ಅರ್ಧ ಜನರ ಮನೆಗೆ ಸಿದ್ದನೇ ವೈರಿಂಗ್ ಮಾಡಿದ್ದ. ಒಬ್ಬನಾದರೂ ಬಾಯಿ ಬಿಡಲಿಲ್ಲ. ಬಾಯಿ ತುಂಬ ಸಜ್ಜಿಗೆ ಇತ್ತು, ಪಾಪ.

ಮುಂದಿನ ಒಂದು ವಾರವನ್ನು ನಾನು ಮರೆಯುವುದಿಲ್ಲ. ದಿನಾ ಬೆಳಿಗ್ಗೆ ಏಳೂವರೆಗೆ ಫಾಲಾಕ್ಷಯ್ಯನ ಡ್ರೈವರ್ ಕಾರು ತೊಳೆಯುತ್ತಿದ್ದ, ಚಾರ್ಜಿಗೆ ಹಾಕಿದ್ದಾಗಲೇ. ಏಳೂಕಾಲಿಗೆಲ್ಲ ನಾನು ಚಾಪೆ ಹಾಸಿ ಸಿದ್ದನನ್ನು ನೆಲದ ಮೇಲೆ ಮಲಗಿಸುತ್ತಿದ್ದೆ, ನಾಲಿಗೆ ಕಚ್ಚಿಕೊಳ್ಳದ ಹಾಗೆ ಬಾಯಿಗೆ ಬಟ್ಟೆಯ ಸುರುಳಿ ಇಡುತ್ತಿದ್ದೆ. ಏಳೂವರೆಗೆ ಶುರುವಾಗುತ್ತಿತ್ತು. ಐದನೇ ದಿನಕ್ಕೆ ಅವನ ಎಡಗೈಯ ಎರಡು ಬೆರಳು ಜೋಮು ಹಿಡಿದವು, ಬಿಡಲೇ ಇಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ನನ್ನನ್ನು ಪಕ್ಕಕ್ಕೆ ಕರೆದು, "ಬಕೆಟ್ ನೀರಿಗೇ ಹೀಗಾಗಿದೆ. ಮಳೆ ಹಿಡಿದು ಆ ಪೆಟ್ಟಿಗೆ ಇಡೀ ದಿನ ನೆನೆದರೆ ಈ ಹೃದಯ ತಡೆಯಲ್ಲ ಕಣಮ್ಮ" ಅಂದರು. ಪಶ್ಚಿಮಕ್ಕೆ ನೋಡಿದೆ. ಮೋಡ ಆಗಲೇ ಕಪ್ಪಾಗಿತ್ತು.

ಒಂದು ದಾರಿ ಇತ್ತು. ಹೋಗಿ ಆ ಸ್ಕ್ರೂ ಬಿಚ್ಚಿ ನಾನೇ ಬಿಗಿದರೆ ಸಿದ್ದನಿಗೆ ಬಿಡುಗಡೆ. ನಾನು ಅದನ್ನು ಹೇಳಿದಾಗ ಅವನು ನನ್ನ ಸೆರಗು ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ. "ಬೇಡ ಅಕ್ಕ, ನಾನು ಮಾಡಿದ್ದು ನಾನೇ ಅನುಭವಿಸ್ತೀನಿ." ನನಗೆ ಕೆಟ್ಟ ಸಿಟ್ಟು ಬಂತು, ಅವನ ಮೇಲಲ್ಲ, ಊರಿನ ಮೇಲೆ. ಇಷ್ಟು ಒಳ್ಳೆಯವನನ್ನು ನೆಲದ ಮೇಲೆ ಮಲಗಿಸಿ ಕಾರು ತೊಳೆಯುತ್ತಿರುವ ಊರು ಇದು. ಇಂಥ ಊರಿಗೆ ನಾನೂ ಸಾಯಬೇಕಾ? ಸಾಯುವುದಿಲ್ಲ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೇ ಹೋದೆ, ಡ್ರೈವರ್ ಬಕೆಟ್ ಎತ್ತುವ ಮೊದಲು. ಫಾಲಾಕ್ಷಯ್ಯ ಗೇಟಿನ ಹೊರಗೆ ವಾಕಿಂಗ್ ಗೆಳೆಯರನ್ನು ನಿಲ್ಲಿಸಿಕೊಂಡು ಕಾರಿನ ಗುಣಗಾನ ಮಾಡುತ್ತಿದ್ದರು. ನಾನು ಸೀದಾ ಒಳಗೆ ಹೋಗಿ ಪಂಪಿನ ಮೇನ್ ಸ್ವಿಚ್ಚು ಆಫ್ ಮಾಡಿದೆ. ಎಂಥ ಕೋಪದಲ್ಲೂ ಮೊದಲು ಮೇನ್ ಆಫ್ ಮಾಡು ಅಂತ ಅಪ್ಪ ಕಲಿಸಿದ್ದು. ಆಮೇಲೆ ಕಂಬದ ಹತ್ತಿರ ಬಂದು, ಪೆಟ್ಟಿಗೆಯ ಮುಚ್ಚಳ ತೆಗೆದು, ಟೆಸ್ಟರ್ ಇಟ್ಟು ನೋಡಿ, ಸಿದ್ದ ಬಿಗಿದಿದ್ದ ಸ್ಕ್ರೂ ಸಡಿಲಿಸಿ ವೈರನ್ನು ಹೊರಗೆಳೆದೆ. ಸ್ಕ್ರೂಡ್ರೈವರನ್ನು ಕಂಬದ ಮೇಲೆ ಇಟ್ಟು ಸುಮ್ಮನೆ ನಿಂತೆ.

"ಏಯ್! ಏನ್ ಮಾಡ್ದೆ?" ಅಂತ ಅವರು ಓಡಿಬಂದರು.

"ಬಿಚ್ಚಿದೆ. ಬೇಕಾದ್ರೆ ಯಾರ ಕೈಲಾದ್ರೂ ಹಾಕಿಸ್ಕೊಳ್ಳಿ. ನನ್ನ ತಮ್ಮ ಬರಲ್ಲ, ನಾನೂ ಹಾಕಲ್ಲ. ಊರಲ್ಲಿ ಮೂರನೆಯವರು ಇಲ್ಲ. ನೀವಂತೂ ಜನ್ಮದಲ್ಲಿ ಸ್ಕ್ರೂಡ್ರೈವರ್ ಹಿಡಿದವರಲ್ಲ, ಯಾವ ಕಡೆ ತಿರುಗಿಸಬೇಕು ಅಂತಾದ್ರೂ ಗೊತ್ತಾ?"

ಗೆಳೆಯರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು. ಅಷ್ಟು ಸಾಕಾಯಿತು. ಫಾಲಾಕ್ಷಯ್ಯನ ಕಿವಿ ಕೆಂಪಗಾದವು. "ಒಂದು ಸ್ಕ್ರೂ ತಿರುಗಿಸೋಕೆ ಇಷ್ಟೊಂದು ಜಂಬಾನಾ ನಿನಗೆ? ನಾನೂ ಸೈನ್ಸ್ ಓದಿದೋನೇ ಕಣೆ" ಅಂತ ಸ್ಕ್ರೂಡ್ರೈವರ್ ಕಿತ್ತುಕೊಂಡು, ವೈರನ್ನು ಅದರ ತೂತಿಗೆ ತುರುಕಿ, ತುದಿನಾಲಿಗೆ ಹೊರಗೆ ಹಾಕಿಕೊಂಡು ತಿರುಗಿಸಿದರು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಚೆನ್ನಾಗಿ ಬಿಗಿದರು. ಮುಚ್ಚಳ ಹಾಕಿ, ತಾವೇ ಹೋಗಿ ಮೇನ್ ಆನ್ ಮಾಡಿದರು. ಹಸಿರು ದೀಪ ಹತ್ತಿತು. ಎರಡೂ ಕೈ ಮೇಲೆತ್ತಿ, "ನೋಡಿದ್ರಾ?" ಅಂದರು.

ಎಲ್ಲರೂ ನೋಡಿದ್ದರು. ಅದಕ್ಕೇ ಗೆಳೆಯರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಗಿಡಕ್ಕೆ ನೀರು ಬಿಡುತ್ತಿದ್ದ ಅವರ ಹೆಂಡತಿ ಸರ್ವಮಂಗಳಮ್ಮ ಪೈಪು ಕೆಳಗೆ ಹಾಕಿ, "ರೀ, ಏನ್ ಮಾಡ್ಕೊಂಡ್ರಿ?" ಅಂದರು. ನಲವತ್ತು ವರ್ಷ ಗಂಡನ ಎದುರು ದನಿಯೆತ್ತದ ಹೆಂಗಸು. ನಿಜವೋ ಸುಳ್ಳೋ ನೋಡಿಬಿಡೋಣ ಅನ್ನುವ ಹಾಗೆ, ಒದ್ದೆ ಬೆರಳನ್ನು ನಿಧಾನವಾಗಿ ತಂದು, ಚಾರ್ಜಿಗೆ ಹಾಕಿದ್ದ ಕಾರಿನ ಬಾಗಿಲಿಗೆ ಇಟ್ಟರು. ಫಾಲಾಕ್ಷಯ್ಯ "ಹ್ಯಾಕ್" ಅಂತ ಒಂದು ಮೊಳ ಮೇಲೆ ಹಾರಿದರು. ಪಂಚೆ ಒಂದು ಕಡೆ, ಚಪ್ಪಲಿ ಒಂದು ಕಡೆ. ಸರ್ವಮಂಗಳಮ್ಮ ಬೆರಳು ತೆಗೆದು, ಸೆರಗಿಗೆ ಒರೆಸಿಕೊಂಡು, "ನಿಜಾನೇ" ಅಂದು ಒಳಗೆ ಹೋದರು.

ಮನೆಗೆ ಬಂದೆ. ಏಳೂವರೆ ಆಯಿತು, ಎಂಟಾಯಿತು. ಚಾಪೆಯ ಮೇಲೆ ಮಲಗಿದ್ದ ಸಿದ್ದ ಬಾಯಿಯ ಬಟ್ಟೆ ತೆಗೆದು, "ಇವತ್ತು ಕಾರು ತೊಳೀಲಿಲ್ವಾ ಅಕ್ಕ?" ಅಂತ ಕೇಳಿದ. ನಡೆದದ್ದು ಹೇಳಿದೆ. ಅವನು ನಗುತ್ತಾನೆ ಅಂದುಕೊಂಡಿದ್ದೆ. "ಪಾಪ, ವಯಸ್ಸಾಗಿರೋರು" ಅಂದ! ತಲೆ ತಲೆ ಚಚ್ಚಿಕೊಂಡೆ.

ವಯಸ್ಸಾದವರು ಆ ದಿನವೇ ಮೇನ್ ಆಫ್ ಮಾಡಿ, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಅವರ ಮೈ ವಿಷಯ ಬಂದಾಗ ಸ್ವಿಚ್ಚು ಎಷ್ಟು ಸುಲಭವಾಗಿ ಆಫ್ ಆಗುತ್ತದೆ ನೋಡಿ. ಆದರೆ ಚಾರ್ಜ್ ಇಲ್ಲದ ಕಾರು ಗೇಟಿನಲ್ಲಿ ಬಿದ್ದುಕೊಂಡಿತು. ಮೂರನೇ ದಿನ ಕೋಳಿಗಳು ಅದರ ಅಡಿಯಲ್ಲಿ ಸಂಸಾರ ಹೂಡಿದವು. ಸ್ಕ್ರೂ ಬಿಗಿಸಿಕೊಳ್ಳುವುದಕ್ಕೆ ವಾಕಿಂಗ್ ಗೆಳೆಯರ ಮನೆಮನೆಗೆ ಹೋದರಂತೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಮೊಮ್ಮಗನ ನಾಮಕರಣ. ನಾಲ್ಕನೇ ದಿನ ನಮ್ಮ ಜಗಲಿಯ ಕೆಳಗೆ ಬಂದು ನಿಂತು, "ತಾಯಮ್ಮ, ಅದೇನೋ ಗುಂಡಿ ಅಂದ್ಯಲ್ಲ, ತೋಡಮ್ಮ" ಅಂದರು.

ಆ ಕೆಲಸವನ್ನು ನೀವು ನೋಡಬೇಕಿತ್ತು. ಕರೆಂಟ್ ಆಫೀಸಿಗೆ ಅರ್ಜಿ ತಾವೇ ಒಯ್ದರು. ಅಂಗಳದ ಗ್ರಾನೈಟು ನಾಲ್ಕು ಚಪ್ಪಡಿ ಎತ್ತಿಸಿದರು. ಅರ್ತಿಂಗ್ ಕಂಬಿ ಆಳೆತ್ತರಕ್ಕಿಂತ ಕೆಳಗೆ ಇಳಿಸಿದ ಮೇಲೂ, "ಇನ್ನೊಂದು ಅಡಿ ಹೋಗ್ಲಿ" ಅನ್ನುತ್ತಿದ್ದರು. ಒಂದು ಗುಂಡಿ ಸಾಕೆಂದರೆ ಎರಡು ತೋಡು ಅಂದರು. ಪೋರ್ಟಿಕೋದ ಇಟ್ಟಿಗೆ ಗೋಡೆಗೆ ನಾನು ನಾಲ್ಕು ಬೋಲ್ಟು ಹೊಡೆದು ಪೆಟ್ಟಿಗೆ ಕೂರಿಸಿದಾಗ ಅದಕ್ಕೆ ಜೋತುಬಿದ್ದು ಗಟ್ಟಿ ಇದೆಯೇ ಅಂತ ನೋಡಿದರು. ವೈರನ್ನು ಪೆಟ್ಟಿಗೆಯ ಕೆಳಗಿನಿಂದ ಬಳಸಿ ತಂದು ಮೇಲಕ್ಕೆ ಹಾಕಿದೆ, ನೀರು ಇಳಿದರೂ ವೈರಿನ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. ಅದಕ್ಕೆ "ಭೇಷ್" ಅಂದರು. ಹೆಸರಿನ ಬೋರ್ಡಿನ ಸುದ್ದಿಯೇ ಇಲ್ಲ. ಸಿದ್ದ ಜೋಮು ಹಿಡಿದ ಕೈಯಲ್ಲೇ ಒಂದೊಂದು ಜಾಯಿಂಟೂ ಎಳೆದು ನೋಡಿ, ಮೀಟರ್ ಹಿಡಿದು ಅರ್ತಿಂಗ್ ಅಳೆದು, ಸೋರಿಕೆ ಸ್ವಿಚ್ಚಿನ ಗುಂಡಿ ಒತ್ತಿ ಟ್ರಿಪ್ ಆಗುವುದನ್ನು ಮೂರು ಸಲ ಪರೀಕ್ಷೆ ಮಾಡಿದ.

ಉಳಿದದ್ದು ಕೊನೆಯ ಸ್ಕ್ರೂ ಒಂದೇ. "ಕೆಲಸ ಮನಸ್ಸಿಗೆ ಬಂತಾ ಸ್ವಾಮಿ?" ಅಂದೆ.

"ಕೆಲಸ ಅಂದ್ರೆ ಇದು! ಆನೆ ಬಂದು ಒದ್ದರೂ ಏನೂ ಆಗಲ್ಲ."

"ಹಾಗಾದ್ರೆ ನೀವೇ ತಿರುಗಿಸಿಬಿಡಿ."

ಫಾಲಾಕ್ಷಯ್ಯ ಸ್ಕ್ರೂಡ್ರೈವರ್ ನೋಡಿದರು, ನನ್ನನ್ನು ನೋಡಿದರು. ಒಂದು ಹೆಜ್ಜೆ ಹಿಂದೆ ಹೋದರು. ಆಮೇಲೆ ಒಳಗಡೆಗೆ ತಿರುಗಿ, "ಏ ಮಂಗಳಾ, ಬಾ ಇಲ್ಲಿ, ಒಂಚೂರು ಇದನ್ನ ತಿರುಗಿಸು ಬಾ" ಅಂತ ಹೆಂಡತಿಯನ್ನು ಕೂಗಿದರು. ಥೂ! ಇಂಥವರನ್ನು ಹುಟ್ಟಿಸಿದ ದೇವರಿಗೆ ಏನು ಹೇಳುವುದು? ಸರ್ವಮಂಗಳಮ್ಮ ಅಡಿಗೆಮನೆಯಿಂದ ಬರಲೂ ಇಲ್ಲ, ಓಗೊಡಲೂ ಇಲ್ಲ. ನಾನೇ ತಿರುಗಿಸಿ ಮುಗಿಸೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಸಿದ್ದ ನನ್ನ ಕೈಯನ್ನು ಸರಿಸಿ, ಸ್ಕ್ರೂ ಬಿಗಿದ. ತಡೆಯುವುದಕ್ಕೆ ಬಾಯಿ ತೆರೆದೆ, ಆಗಲೇ ಮುಗಿದಿತ್ತು.

"ನಿನಗೇನು ತಲೆ ಕೆಟ್ಟಿದೆಯಾ? ಎದೆ ಹೇಗಿದೆ ಅಂತ ಡಾಕ್ಟರಮ್ಮ ಹೇಳಿದ್ದು ಮರೆತ್ಯಾ?" ಅಂತ ದಾರಿಯುದ್ದಕ್ಕೂ ಬೈದೆ.

"ಇದು ಸರಿಯಾಗಿದೆ ಅಕ್ಕ. ನಾನೇ ಅಳೆದಿದ್ದೀನಿ" ಅಂದ.

ಮಾರನೇ ದಿನ ಮಧ್ಯಾಹ್ನ ಮಳೆ ಹಿಡಿಯಿತು, ಒಂದು ವಾರ ಬಿಡಲಿಲ್ಲ. ನನ್ನ ಕೆಲಸದ ಮೇಲೆ ನನಗೆ ನಂಬಿಕೆ ಇಲ್ಲದೆ ಇಲ್ಲ. ಆದರೂ ಮೊದಲ ದಿನ ಚಾಪೆ ಹಾಸಿದೆ, ಬಟ್ಟೆಯ ಸುರುಳಿ ಮಡಿಲಲ್ಲಿ ಇಟ್ಟುಕೊಂಡು ಅವನ ಮುಖವನ್ನೇ ನೋಡುತ್ತಾ ಕೂತೆ. ಫಾಲಾಕ್ಷಯ್ಯನ ಮೊಮ್ಮಕ್ಕಳು ಚಾರ್ಜಿಗೆ ಹಾಕಿದ ಕಾರಿನ ಮೇಲೆ ಹತ್ತಿ ಮಳೆಯಲ್ಲಿ ಕುಣಿಯುತ್ತಿದ್ದಾರೆ ಅಂತ ಹಾಲಿನವಳು ಹೇಳಿಹೋದಾಗ ನಾನು ಬಟ್ಟೆಯ ಸುರುಳಿ ಕೈಗೆತ್ತಿಕೊಂಡೆ. ಸಿದ್ದ ಚಾಪೆ ಸುತ್ತಿ ಮೂಲೆಗಿಟ್ಟು, ಜಗಲಿಗೆ ಹೋಗಿ, ಬಿಸಿ ಬಿಸಿ ಕಾಫಿಯನ್ನು ಲೋಟದ ತುಂಬ ಹಿಡಿದು ಕೂತ. ಒಂದು ತೊಟ್ಟೂ ತುಳುಕಲಿಲ್ಲ.

ಮಳೆ ನಿಂತ ದಿನ ಫಾಲಾಕ್ಷಯ್ಯ ಕಾರಿನಲ್ಲೇ ನಮ್ಮ ಬೀದಿಗೆ ಬಂದರು. ಮೊದಲಿನ ಗತ್ತು ಪೂರ್ತಿ ವಾಪಸ್ಸು ಬಂದಿತ್ತು. ಗಾಜು ಇಳಿಸಿ, "ನೋಡಿದ್ರಾ? ಇಡೀ ವಾರ ಸುರೀತು, ಏನಾದ್ರೂ ಆಯ್ತಾ? ಏನೂ ಆಗ್ಲಿಲ್ಲ! ಸುಮ್ನೆ ನನ್ನ ಅಂಗಳ ಹಾಳು ಮಾಡಿಸಿದ್ರಿ" ಅಂದರು. ಅವರು ನನ್ನನ್ನು ಬಿಟ್ಟು ಸಿದ್ದನ ಕಡೆ ತಿರುಗಿದರು. ಮೆತ್ತಗಿರುವ ಜಾಗ ಎಲ್ಲಿದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. "ಸಿದ್ದರಾಜು, ಅಳಿಯಂದ್ರೂ ಇಂಥದ್ದೇ ಕಾರು ತಗೊಂಡವ್ರೆ ಕಣಪ್ಪ. ಅವರಿಗೂ ನಮ್ಮ ಗೇಟಿನ ಹತ್ರಾನೇ ಒಂದು ಪಾಯಿಂಟ್ ಕೊಟ್ಬಿಡು. ಹಳೇ ಪಂಪಿನ ಲೈನ್ ಇದೆಯಲ್ಲ, ಅದರಿಂದಲೇ. ಈ ಗುಂಡಿ ಗಿಂಡಿ ಎಲ್ಲ ಏನೂ ಬೇಡ. ನಾಳೆನೇ ಬಂದ್ಬಿಡು."

ಸಿದ್ದ ಎದ್ದು ನಿಂತ. ದೊಡ್ಡವರು ಮಾತಾಡಿಸಿದರೆ ಎದ್ದು ನಿಲ್ಲುವುದು ಅವನ ರೂಢಿ. ಎಡಗೈಯ ಆ ಎರಡು ಬೆರಳನ್ನು ಬಲಗೈಯಲ್ಲಿ ನೀವುತ್ತಾ ನಿಂತ. 'ಆಯ್ತು ಬಿಡಿ ಸ್ವಾಮಿ' ಅನ್ನುವ ಮಾತು ಅವನ ಗಂಟಲಿನವರೆಗೆ ಬಂದದ್ದು ನನಗೆ ಕಾಣಿಸಿತು, ನಲವತ್ತಾರು ವರ್ಷದಿಂದ ಕಾಣುತ್ತಿದ್ದೇನೆ. ನಾನು ನಡುವೆ ಬಾಯಿ ಹಾಕಬಹುದಿತ್ತು. ಆದರೆ ಈಗ ಇವನ ಬದಲು ನಾನು ಹೇಳಿದರೆ, ನಾನು ಸತ್ತ ಮಾರನೇ ದಿನ ಇವನು ಹೋಗಿ ಆ ಪಾಯಿಂಟ್ ಹಾಕಿಕೊಡುತ್ತಾನೆ. ಹಲ್ಲು ಕಚ್ಚಿ ಸುಮ್ಮನಿದ್ದೆ. ಅಷ್ಟು ಕಷ್ಟದ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿಲ್ಲ.

"ಆಗಲ್ಲ" ಅಂದ ಸಿದ್ದ.

ಫಾಲಾಕ್ಷಯ್ಯನಿಗೆ ಕೇಳಿಸಲಿಲ್ಲ ಅಂತಲ್ಲ, ಅರ್ಥವಾಗಲಿಲ್ಲ. "ಏನು?"

"ಆಗಲ್ಲ ಸ್ವಾಮಿ. ಗುಂಡಿ ತೋಡದೆ, ಬೇರೆ ಲೈನ್ ಎಳೀದೆ ನಾನು ಹಾಕಲ್ಲ." ಬೆರಳು ನೀವುವುದನ್ನು ಇನ್ನೂ ಬಿಟ್ಟಿರಲಿಲ್ಲ. ಕಣ್ಣು ಮಾತ್ರ ಕೆಳಗೆ ಹೋಗಲಿಲ್ಲ.

ಅವರು ನನ್ನ ಕಡೆ ನೋಡಿ, "ತಾಯಮ್ಮ, ನೀನಾದ್ರೂ ಬುದ್ಧಿ ಹೇಳಮ್ಮ ಇವನಿಗೆ" ಅಂದರು. "ಕೆಲಸ ಅವನದು ಸ್ವಾಮಿ, ಅವನನ್ನೇ ಕೇಳಿ" ಅಂದೆ. ಗಾಜು ಮೇಲಕ್ಕೇರಿತು. ಕಾರು ಸದ್ದಿಲ್ಲದೆ ಮುಂದಕ್ಕೆ ಹೋಗಿ ಬೀದಿಯ ತಿರುವಿನಲ್ಲಿ ಮರೆಯಾಯಿತು. ಸಿದ್ದ ಇನ್ನೂ ನಿಂತೇ ಇದ್ದ. ಕಣ್ಣು ಒರೆಸಿಕೊಂಡು ನೋಡಿದೆ. ಆ ಖಾಲಿ ಬೀದಿಯ ಕಡೆ ಮುಖ ಮಾಡಿ, ಈ ಸಲ ಸ್ವಲ್ಪ ಜೋರಾಗಿ, "ಆಗಲ್ಲ" ಅಂತ ಇನ್ನೊಂದು ಸಲ ಅಂದ.